ಹುತುತುವಿನಿಂದ ಕಬಡ್ಡಿಗೆ: ನಮ್ಮ ಕರಾವಳಿಯ ಶಾಲೆಗಳಲ್ಲಿ ತಂಡ ಕಟ್ಟಿದ ಕಥೆ

ಕುಮಟಾ, ಹೊನ್ನಾವರ, ಭಟ್ಕಳಗಳ ಶಾಲೆಗಳಲ್ಲಿ ಕ್ರೀಡಾ ತಂಡಗಳು ಹೇಗೆ ಹುಟ್ಟಿಕೊಂಡವು ಎಂಬ ಬಗ್ಗೆ ಬರೆದದ್ದು ಕಡಿಮೆ. ಶಾಲೆಯ ಬೆಳ್ಳಿಹಬ್ಬದ ಸ್ಮರಣಸಂಚಿಕೆಯನ್ನು ತೆರೆದರೆ ಸ್ಥಾಪಕರ, ದಾನಿಗಳ, ಮುಖ್ಯಾಧ್ಯಾಪಕರ ಭಾವಚಿತ್ರಗಳು ಸಾಲಾಗಿ ಸಿಗುತ್ತವೆ. ಆಟದ ಸಂಗತಿ ಬಂದರೆ ಕೊನೆಯ ಪುಟಗಳಲ್ಲಿ ಒಂದು ಗುಂಪುಚಿತ್ರ: ಹಿಂದೆ ಎದೆ ಸೆಟೆಸಿ ನಿಂತ ಹುಡುಗರು, ಮುಂದೆ ಕುರ್ಚಿಯಲ್ಲಿ ಕೋಟು ತೊಟ್ಟ ಮಾಸ್ತರರು, ನಡುವೆ ಮೇಜಿನ ಮೇಲೊಂದು ಕಪ್ಪು. ಅಷ್ಟೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಮಾಸ್ತರರೂ ಅಕ್ಕೋರುಗಳೂ ಆಗಿದ್ದಾರೆ. ತಮ್ಮ ಶಾಲೆಯಲ್ಲಿ ಹೊಸದಾಗಿ ತಂಡ ಕಟ್ಟಲು ಹೊರಟ ಇಬ್ಬರು ಮೂವರು ಈ ವಿಷಯವನ್ನು ಕೇಳಿದ್ದುಂಟು. ಅವರಿಗಾಗಿ, ಮತ್ತು ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ನಿಂತಿದ್ದ ಎಲ್ಲರಿಗಾಗಿ, ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಆಟ ನಮ್ಮ ಊರುಗಳಿಗೆ ಯಾರೂ ತಂದುಕೊಟ್ಟದ್ದಲ್ಲ. ಚಿಣ್ಣಿದಾಂಡು, ಲಗೋರಿ, ಮರಕೋತಿ, ಕೊಯ್ಲಾದ ಗದ್ದೆಯಲ್ಲಿ ಬೆಳದಿಂಗಳಿನ ಹುತುತು ಇವೆಲ್ಲ ಶಾಲೆಗಿಂತ ಹಳೆಯವು. ಆದರೆ ಆ ಆಟಗಳಲ್ಲಿ ಬಂದಷ್ಟು ಜನವೇ ಲೆಕ್ಕ. ಒಂಬತ್ತು ಜನ ಬಂದರೆ ಒಂದು ಕಡೆ ಐದು, ಇನ್ನೊಂದು ಕಡೆ ನಾಲ್ಕು. ಚಿಕ್ಕವನೊಬ್ಬ ಎರಡೂ ಕಡೆಗೆ ಸಲ್ಲುವ 'ಹಾಲುಂಡೆ'. ಮನೆಯಿಂದ ಕರೆ ಬಂದೊಡನೆ ಆಟದ ನಡುವಿನಿಂದಲೇ ಎದ್ದು ಹೋಗಬಹುದಿತ್ತು. ತಂಡವೆಂದರೆ ಬೇರೆ. ಅಲ್ಲಿ ಹೆಸರುಗಳ ಪಟ್ಟಿಯಿದೆ, ಬರೆದಿಟ್ಟ ನಿಯಮವಿದೆ, ಬೇರೆ ಊರಿನ ಎದುರಾಳಿ ಇದ್ದಾನೆ, ತೀರ್ಪು ಕೊಡಲು ಮೂರನೆಯವನೊಬ್ಬನಿದ್ದಾನೆ. ಇವು ನಾಲ್ಕೂ ಶಾಲೆಯ ಮೂಲಕವೇ ನಮ್ಮಲ್ಲಿಗೆ ಬಂದವು.

ಅವು ಬಂದ ದಾರಿಯನ್ನು ತಿಳಿಯಲು ಸ್ವಲ್ಪ ಆಡಳಿತದ ಚರಿತ್ರೆ ಬೇಕಾಗುತ್ತದೆ. ಕೆನರಾ ಜಿಲ್ಲೆ ಮೊದಲು ಇಡಿಯಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಧಾರವಾಡದ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾಲ ಅದು. ಹತ್ತಿಯ ಪೇಟೆಯಲ್ಲಿ ನಮ್ಮ ಕುಮಟೆಯ ಹೆಸರೇ ಒಂದು ಜಾತಿಯ ಹತ್ತಿಗೆ ಅಂಟಿಕೊಂಡಿತ್ತು. ಹೀಗೆ ಭಟ್ಕಳದ ದಕ್ಷಿಣಕ್ಕೆ, ಶಿರೂರಿನ ಈಚೆಗೆ, ಒಂದು ಗಡಿರೇಖೆ ಬಿದ್ದಿತು. ಆಚೆ ಮದರಾಸಿನ ಪಠ್ಯಪುಸ್ತಕ, ಈಚೆ ಮುಂಬಯಿಯದು. ಪಠ್ಯದ ಜೊತೆಗೆ ಆಟವೂ ಹಾಗೆಯೇ ಹಂಚಿಹೋಯಿತೆಂದು ನನ್ನ ಎಣಿಕೆ.

ಮುಂಬಯಿ ಕಡೆಯಿಂದ ನಮ್ಮ ಶಾಲೆಗಳಿಗೆ ಬಂದದ್ದು ಮೊದಲು ಡ್ರಿಲ್ಲು, ಲೇಜಿಮ್ಮು, ಲಾಠಿ. ಲೇಜಿಮಿನ ಝಣತ್ಕಾರವಿಲ್ಲದೆ ಶಾಲೆಯ ಯಾವ ಉತ್ಸವವೂ ಮುಗಿಯುತ್ತಿರಲಿಲ್ಲ. ಇದಕ್ಕೆ ರಾಷ್ಟ್ರೀಯ ಚಳವಳಿಯ ಒತ್ತಾಸೆಯೂ ಇತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳವು ಕವಾಯತು, ಶಿಸ್ತು, ಅಂಗಸಾಧನೆಗಳನ್ನು ದೇಶಸೇವೆಯ ಅಂಗವನ್ನಾಗಿ ಮಾಡಿತ್ತು. 1937ರಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಸರಕಾರ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಾಗ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ದೈಹಿಕ ಶಿಕ್ಷಣ ಸಮಿತಿಯೊಂದನ್ನು ನೇಮಿಸಿತು. ಮರುವರ್ಷವೇ, 1938ರಲ್ಲಿ, ಕಾಂದಿವಲಿಯಲ್ಲಿ ಸರಕಾರಿ ದೈಹಿಕ ಶಿಕ್ಷಣ ತರಬೇತಿ ಸಂಸ್ಥೆ ಆರಂಭವಾಯಿತು. ಇದೊಂದು ದೊಡ್ಡ ಘಟನೆ. ಅದುವರೆಗೆ ನಿವೃತ್ತ ಸಿಪಾಯಿಯೊಬ್ಬರು 'ಲೆಫ್ಟ್ ರೈಟ್' ಹೇಳಿಸಿದರೆ ಶಾಲೆಯ ವ್ಯಾಯಾಮ ಮುಗಿಯುತ್ತಿತ್ತು. ಆಟದ ನಿಯಮಪುಸ್ತಕವನ್ನು ಕಲಿತು ಬಂದ ಡ್ರಿಲ್ ಮಾಸ್ತರು ಎಂಬ ವ್ಯಕ್ತಿ ಆ ಬಳಿಕ ಕಾಣಿಸಿಕೊಂಡರು.

ಅವರು ತಂದ ನಿಯಮಪುಸ್ತಕದಲ್ಲಿ ಮುಖ್ಯವಾದವು ಎರಡು ದೇಶೀ ಆಟಗಳು, ಹುತುತು ಮತ್ತು ಖೋ-ಖೋ. ಎರಡಕ್ಕೂ ಇಂದಿನ ರೂಪ ಕೊಟ್ಟದ್ದು ಮರಾಠಿ ನಾಡು. ಪುಣೆಯ ಡೆಕ್ಕನ್ ಜಿಮಖಾನಾ 1914ರಲ್ಲಿ ಖೋ-ಖೋ ಆಟಕ್ಕೆ ನಿಯಮಗಳನ್ನು ಬರೆಯಿತು. ಹುತುತುವಿಗೆ 1918ರ ಹೊತ್ತಿಗೆ ಒಂದು ಮಟ್ಟದ ಕಟ್ಟುಪಾಡು ಬಂದು, 1923ರಲ್ಲಿ ಬರೋಡೆಯ ಹಿಂದ್ ವಿಜಯ ಜಿಮಖಾನಾ ನಿಯಮಗಳನ್ನು ಅಚ್ಚುಹಾಕಿಸಿ ಪಂದ್ಯಾವಳಿಯನ್ನೂ ನಡೆಸಿತು. ಹಳೆಯ ಆಟದಲ್ಲಿ ಮೂರು ಬಗೆಗಳಿದ್ದವು. 'ಸಂಜೀವನಿ'ಯಲ್ಲಿ ಎದುರಾಳಿ ಸತ್ತರೆ ನಮ್ಮವನೊಬ್ಬ ಎದ್ದು ಬರುತ್ತಾನೆ. 'ಗಾಮಿನಿ'ಯಲ್ಲಿ ಸತ್ತವನು ಇಡೀ ಪಕ್ಷ ಸಾಯುವವರೆಗೆ ಹೊರಗೇ ಕೂರಬೇಕು. 'ಅಮರ'ದಲ್ಲಿ ಯಾರೂ ಹೊರಹೋಗುವುದಿಲ್ಲ, ಅಂಕ ಮಾತ್ರ ಏರುತ್ತದೆ. ಇಂದು ನಾವು ನೋಡುವುದು ಬಹುಮಟ್ಟಿಗೆ ಸಂಜೀವನಿಯನ್ನು. ಗದ್ದೆಯಲ್ಲಿ ಆಡುವ ಮಕ್ಕಳು ಈ ಹೆಸರುಗಳನ್ನು ಕೇಳಿರಲಿಲ್ಲ, ಆದರೆ ಮೂರನ್ನೂ ಬೆರೆಸಿ ಆಡುತ್ತಿದ್ದರು. ಜಗಳ ಬಂದಾಗ ಯಾರ ಧ್ವನಿ ದೊಡ್ಡದೋ ಅವರ ನಿಯಮ!

1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳವು ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಈ ಆಟವನ್ನು ಪ್ರದರ್ಶಿಸಿತು. ಮಹಾರಾಷ್ಟ್ರದಲ್ಲಿ ಹುತುತು, ಮದರಾಸಿನಲ್ಲಿ ಚಡುಗುಡು, ಬಂಗಾಳದಲ್ಲಿ ಹಾಡುಡು ಎಂದು ಕರೆಸಿಕೊಳ್ಳುತ್ತಿದ್ದ ಆಟಕ್ಕೆ 1950ರಲ್ಲಿ ಅಖಿಲ ಭಾರತ ಒಕ್ಕೂಟ ಸ್ಥಾಪನೆಯಾದ ಮೇಲೆ 'ಕಬಡ್ಡಿ' ಎಂಬ ಒಂದೇ ಹೆಸರು ನಿಂತಿತು. ನಮ್ಮ ಹಿರಿಯರು ಆ ಬಳಿಕವೂ ಬಹುಕಾಲ ಹುತುತು ಎಂದೇ ಅನ್ನುತ್ತಿದ್ದರು. ಬಾಯಿಗೆ ಹೇಳಿದರೆ ಹುತುತುವಿನಲ್ಲಿ ಉಸಿರು ಉಳಿಯುತ್ತದೆ, ಕಬಡ್ಡಿಯಲ್ಲಿ ಬೇಗ ಮುಗಿಯುತ್ತದೆ ಎಂಬುದು ಅವರ ವಾದ. ಪರೀಕ್ಷಿಸಿ ನೋಡಬಹುದು.

ಇನ್ನು ದಕ್ಷಿಣದ ದಾರಿ. 1920ರಲ್ಲಿ ಎಚ್. ಸಿ. ಬಕ್ ಎಂಬವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಅಮೆರಿಕದ ವಿಲಿಯಂ ಮಾರ್ಗನ್ 1895ರಲ್ಲಿ ರೂಪಿಸಿದ ವಾಲಿಬಾಲ್ ಇದೇ ವೈ.ಎಂ.ಸಿ.ಎ. ಮೂಲಕ ನಮ್ಮ ದೇಶದಲ್ಲಿ ಹಬ್ಬಿತು. ತಂಜಾವೂರಿನಲ್ಲಿ ಹುಟ್ಟಿದ ಬಾಲ್ ಬ್ಯಾಡ್ಮಿಂಟನ್ ಕೂಡ ಮದರಾಸಿನ ಕಡೆಯ ಆಟವೇ. ದಕ್ಷಿಣ ಕನ್ನಡದಲ್ಲಿ ಇವು ಬೇಗ ಬೇರೂರಿದವು. ಗಡಿ ದಾಟಿ ಭಟ್ಕಳಕ್ಕೆ ಬರಲು ಬಹಳ ದೂರವೇನಿರಲಿಲ್ಲ. ಆದರೆ ಭಟ್ಕಳದಿಂದ ಬಡಗಣಕ್ಕೆ ಹೋಗಲು ನಡುವೆ ಶರಾವತಿ ಇದ್ದಳು. ಹೆದ್ದಾರಿಯ ಸೇತುವೆ ಆಗುವ ಮೊದಲು ಕಾಸರಕೋಡಿನಿಂದ ಹೊನ್ನಾವರಕ್ಕೆ ಲಾಂಚಿನಲ್ಲಿ ದಾಟಬೇಕಿತ್ತು. ಪಂದ್ಯ ಸಂಜೆ ಮುಗಿದರೆ ಕೊನೆಯ ಲಾಂಚು ಸಿಗುವುದೋ ಇಲ್ಲವೋ ಎಂಬುದೇ ತಂಡದ ಮಾಸ್ತರರ ದೊಡ್ಡ ಚಿಂತೆಯಾಗಿರುತ್ತಿತ್ತು. ಕರಾವಳಿಯಲ್ಲಿ ವಾಲಿಬಾಲ್ ಹಬ್ಬಲು ಇನ್ನೊಂದು ಕಾರಣವೂ ಉಂಟು. ಎರಡು ತೆಂಗಿನ ಮರ ಮತ್ತು ಹಳೆಯ ಮೀನುಬಲೆ ಇದ್ದರೆ ಅಂಕಣ ಅರ್ಧ ಸಿದ್ಧವಾದಂತೆ. ಚೆಂಡಿಗೆ ಮಾತ್ರ ದುಡ್ಡು ಬೇಕು, ಅದೇ ಕಷ್ಟ.

1956ರ ನವೆಂಬರ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ ಪ್ರಾಂತಗಳ ಗಡಿ ಅಳಿಯಿತು. ಆದರೆ ಶಾಲಾ ಕ್ರೀಡೆಯಲ್ಲಿ ಅದು ಪೂರ್ತಿ ಅಳಿಯಲಿಲ್ಲ ಎಂಬುದನ್ನು ಹೊರಗಿನವರು ಗಮನಿಸಿರಲಾರರು. ಉತ್ತರ ಕನ್ನಡ ಇಂದಿಗೂ ಬೆಳಗಾವಿ ವಿಭಾಗ, ಉಡುಪಿ ಮೈಸೂರು ವಿಭಾಗ. ಭಟ್ಕಳದಿಂದ ಬೈಂದೂರು 20 ಕಿ.ಮೀ. ಆಸುಪಾಸು. ಆದರೂ ಭಟ್ಕಳದ ಮಕ್ಕಳು ವಲಯ, ತಾಲೂಕು ದಾಟಿ ನೂರು ಕಿ.ಮೀ.ಗೂ ಆಚೆಯ ಕಾರವಾರದವರೊಡನೆ, ಅಲ್ಲಿ ಗೆದ್ದರೆ ಘಟ್ಟದ ಮೇಲಿನ ಧಾರವಾಡ, ಬೆಳಗಾವಿಗಳವರೊಡನೆ ಆಡಬೇಕು. ನೆರೆಯ ಬೈಂದೂರಿನವರನ್ನು ಇಲಾಖೆಯ ಕ್ರೀಡಾಕೂಟದಲ್ಲಿ ಎದುರಿಸಬೇಕಾದರೆ ಇಬ್ಬರೂ ರಾಜ್ಯಮಟ್ಟಕ್ಕೆ ಏರಬೇಕು. 1862ರ ಗೆರೆ ಹೀಗೆ ಇನ್ನೂ ಉಳಿದಿದೆ.

ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿ ಹೈಸ್ಕೂಲುಗಳು ಬೆರಳೆಣಿಕೆಯಷ್ಟು. ಕುಮಟೆಯಲ್ಲಿ ಗಿಬ್ ಹೈಸ್ಕೂಲು ಇತ್ತು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ನವಾಯತ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆಯಿತು. ಹಳ್ಳಿಯ ಮಕ್ಕಳಿಗೆ, ಗೇಣಿದಾರರ ಮಕ್ಕಳಿಗೆ, ಹೈಸ್ಕೂಲು ಎಟುಕಿದ್ದು ಐವತ್ತರ ದಶಕದ ಬಳಿಕ. ಅಂಕೋಲೆಯ ರೈತ ಚಳವಳಿಯನ್ನು ನಡೆಸಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಶಾಲೆಗಳನ್ನು ತೆರೆದದ್ದು ಈ ಕಥೆಯ ನಡುಗಂಬ. ಅವರನ್ನು ಚುಟುಕಗಳ ಕವಿಯೆಂದು ಮಾತ್ರ ನೆನೆಯುವವರು ಇದನ್ನು ಮರೆಯಬಾರದು.

ಹೊಸ ಹೈಸ್ಕೂಲುಗಳಿಗೆ ನಾಮಧಾರಿ, ಹಾಲಕ್ಕಿ, ಪಟಗಾರ, ಅಂಬಿಗ, ಖಾರ್ವಿ, ಮುಕ್ರಿ ಮನೆಗಳ ಮಕ್ಕಳು ಬಂದರು; ಹವ್ಯಕರ, ಸಾರಸ್ವತರ ಮಕ್ಕಳು ಮೊದಲೇ ಇದ್ದರು. ಒಂದೇ ಬೆಂಚಿನ ಮೇಲೆ ಕುಳಿತರೂ ನಡುವೆ ಅರ್ಧ ಮೊಳ ಜಾಗ ಬಿಡುವುದು, ಕುಡಿಯುವ ನೀರಿನ ಚೆಂಬು ಬೇರೆಯಾಗುವುದು, ಇವು ನನ್ನ ಓರಗೆಯವರೆಲ್ಲ ಕಂಡದ್ದೇ. ಕಬಡ್ಡಿಯಲ್ಲಿ ಇದು ನಡೆಯುವುದಿಲ್ಲ. ಕೈಗೆ ಕೈ ಕೋಸಿ ಸರಪಳಿ ಕಟ್ಟಬೇಕು. ದಾಳಿಗೆ ಬಂದವನ ತೊಡೆಯನ್ನು ತಬ್ಬಿ ಕೆಡವಬೇಕು. ಒಬ್ಬರ ಬೆವರು ಇನ್ನೊಬ್ಬರ ಮೈಗೆ ಅಂಟಬೇಕು. ಮುಟ್ಟುವುದೇ ಆಟ, ಮುಟ್ಟದಿದ್ದರೆ ಅಂಕವಿಲ್ಲ. ಜಾತಿಯ ಬಗ್ಗೆ ಒಂದು ಮಾತೂ ಆಡದೆ ಡ್ರಿಲ್ ಮಾಸ್ತರರು ಸೀಟಿ ಊದಿ ಮಾಡಿದ ಕೆಲಸವನ್ನು ನಾವು ತರಗತಿಯಲ್ಲಿ ಪಾಠ ಹೇಳಿ ಮಾಡಲಾಗಲಿಲ್ಲ. ಇದರಿಂದ ಊರು ಬದಲಾಯಿತೆಂದು ನಾನು ಹೇಳಲಾರೆ. ಆಟ ಮುಗಿದ ಮೇಲೆ ಮನೆಗೆ ಹೋಗುವ ಮೊದಲು ಹೊಳೆಯಲ್ಲಿ ಮಿಂದು ಹೋಗೆಂದು ಮಗನಿಗೆ ಕಟ್ಟಪ್ಪಣೆ ಮಾಡಿದ ಮನೆಗಳನ್ನೂ ಬಲ್ಲೆ. ಆದರೂ ಮಗ ಮರುದಿನ ಆಟಕ್ಕೆ ಬರುತ್ತಿದ್ದ.

ಆಟವೆಂದಮೇಲೆ ನೆಲ ಬೇಕು. ನಮ್ಮಲ್ಲಿ ಗುಡ್ಡವೆಲ್ಲ ಚೀರೆಕಲ್ಲು, ಬಯಲೆಲ್ಲ ಗದ್ದೆ. ಶಾಲೆಗಳು ಹೆಚ್ಚಾಗಿ ಬೋಳುಗುಡ್ಡದ ಮೇಲಿವೆ, ಏಕೆಂದರೆ ಗದ್ದೆಯನ್ನು ಯಾರೂ ದಾನ ಕೊಡುವುದಿಲ್ಲ. ಕಲ್ಲಿನ ಮೇಲೆ ಕಬಡ್ಡಿ ಆಡಿದರೆ ಮಂಡಿಯ ಚರ್ಮ ಉಳಿಯದು. ಆದ್ದರಿಂದ ತಂಡ ಕಟ್ಟುವ ಮೊದಲ ಕೆಲಸ ಮಣ್ಣು ಹೊರುವುದು. ಗದ್ದೆಯ ಮಣ್ಣನ್ನು ತಂದು, ಜರಡಿ ಹಿಡಿದು, ಕಲ್ಲು ಹರಳು ತೆಗೆದು, ಮರದ ಪುಡಿಯನ್ನೋ ಭತ್ತದ ಹೊಟ್ಟನ್ನೋ ಬೆರೆಸಿ ಹದಗೊಳಿಸಬೇಕು. ಗೆರೆ ಎಳೆಯಲು ಅಘನಾಶಿನಿಯ ಚಿಪ್ಪಿಸುಣ್ಣ. ಗದ್ದೆಯಲ್ಲೇ ಆಡೋಣವೆಂದರೆ ಕೊಯ್ಲಾಗುವುದು ಅಕ್ಟೋಬರ, ನವೆಂಬರದಲ್ಲಿ; ಕುಮಟೆಯ ಅಳ್ವೆಕೋಡಿ, ಹಂದಿಗೋಣದ ಕಡೆ ಭತ್ತದ ಬೆನ್ನಿಗೇ ಸಿಹಿ ಈರುಳ್ಳಿಯ ಪಾತಿ ಸಿದ್ಧವಾಗುತ್ತದೆ. ಈರುಳ್ಳಿಯ ರುಚಿ ಬಲ್ಲವರು ಆಟದ ಪರವಾಗಿ ವಾದಿಸುವುದು ಕಷ್ಟ.

ಹೆಣ್ಣುಮಕ್ಕಳ ತಂಡದ ಸಂಗತಿ ಬೇರೆಯಾಗಿಯೇ ಹೇಳಬೇಕು. ಮಹಿಳೆಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿ 1955ರಲ್ಲೇ ಕಲ್ಕತ್ತೆಯಲ್ಲಿ ಆರಂಭವಾಗಿತ್ತು. ನಮ್ಮ ಹಳ್ಳಿಗಳಿಗೆ ಆ ಸುದ್ದಿ ತಲುಪಲು ಕಾಲು ಶತಮಾನ ಹಿಡಿಯಿತು. 1979ರಲ್ಲಿ ನಾನು ಹೊನ್ನಾವರ ಭಟ್ಕಳಗಳ ನಡುವಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರನಾಗಿದ್ದೆ. ಡ್ರಿಲ್ ಮಾಸ್ತರರ ಹುದ್ದೆ ಖಾಲಿಯಿದ್ದುದರಿಂದ ಸೀಟಿ ನನ್ನ ಕೊರಳಿಗೆ ಬಿದ್ದಿತ್ತು. ಹುಡುಗಿಯರಿಗೆ ಅದುವರೆಗೆ ಇದ್ದದ್ದು ಲೇಜಿಮು, ರಿಂಗು, ಸಂಗೀತ ಕುರ್ಚಿ. ಒಂಬತ್ತನೆಯ ತರಗತಿಯ ನಾಲ್ಕೈದು ಹುಡುಗಿಯರು ತಾವಾಗಿಯೇ ಬಂದು, ಹುಡುಗರ ಅಂಕಣ ಖಾಲಿಯಿರುವ ಶನಿವಾರ ತಮಗೂ ಕಬಡ್ಡಿ ಹೇಳಿಕೊಡಬೇಕೆಂದು ಕೇಳಿದರು. ಪಟ್ಟಿಗೆ ಹನ್ನೆರಡು ಹೆಸರು ಬೇಕು, ಏಳು ಆಡುವವರು, ಐದು ಮೀಸಲು. ನಮಗೆ ಸಿಕ್ಕಿದ್ದು ಒಂಬತ್ತು.

ಆಕ್ಷೇಪಗಳು ಮೂರು ಕಡೆಯಿಂದ ಬಂದವು. ಮೊದಲನೆಯದು ಉಡುಪು. ಲಂಗದಲ್ಲಿ ಕಬಡ್ಡಿ ಆಡಲಾಗದು, ಚಡ್ಡಿಯನ್ನು ಯಾವ ಮನೆಯವರೂ ಒಪ್ಪರು. ಕೊನೆಗೆ ಹಳೆಯ ಪೈಜಾಮದ ಮಾದರಿಯಲ್ಲಿ ಮೊಣಕಾಲಿನ ಕೆಳಗೆ ಲಾಡಿ ಕಟ್ಟುವಂತೆ ಊರಿನ ದರ್ಜಿ ಹೊಲಿದುಕೊಟ್ಟ. ಎರಡನೆಯದು ಸಂಜೆ ಮನೆಗೆ ಮರಳುವ ಹೊತ್ತು. ಹಿಂದಿ ಕಲಿಸುತ್ತಿದ್ದ ಹಿರಿಯ ಅಕ್ಕೋರು ತಾವು ಜೊತೆಗಿರುವೆವೆಂದು ಮುಂದೆ ಬಂದದ್ದರಿಂದಲೇ ಅದು ಬಗೆಹರಿಯಿತು. ಅಂಕಣದ ಬದಿಯಲ್ಲಿ ಕುರ್ಚಿ ಹಾಕಿ, ಉತ್ತರಪತ್ರಿಕೆ ತಿದ್ದುತ್ತ, ಕತ್ತಲಾಗುವ ಮೊದಲು ಎಲ್ಲರನ್ನೂ ಅವರವರ ಓಣಿಯ ತಿರುವಿನವರೆಗೆ ಬಿಟ್ಟು ಹೋಗುತ್ತಿದ್ದರು. ಆಟದ ನಿಯಮ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮೂರನೆಯ ಆಕ್ಷೇಪವನ್ನು ಒಬ್ಬಳು ತಾಯಿ ನೇರವಾಗಿಯೇ ಆಡಿದಳು: "ಕೈಯೋ ಕಾಲೋ ಮುರ್ಕಂಡ್ರೆ ನಾಳೆ ಮದ್ವೆ ಮಾಡೂದು ಹ್ಯಾಂಗೆ ಮಾಸ್ತರೇ?" ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ಗದ್ದೆ ನೆಟ್ಟಿಗೆ ಹೋದಾಗ ಬಿದ್ದರೂ ಮುರೀತದೆ ಆಯಿ" ಎಂದು ಅವಳ ಮಗಳೇ ಹೇಳಿದಳು.

ಶಾಲೆಯ ಆಡಳಿತದವರು ಹಣ ಕೊಡಲಿಲ್ಲ. ಹುಡುಗರ ಬನಿಯನ್ನುಗಳನ್ನೇ ಒಗೆದು ಹೆಣ್ಣುಮಕ್ಕಳು ತೊಟ್ಟರು. ಮೊದಲ ವರ್ಷದ ತಾಲೂಕು ಪಂದ್ಯದಲ್ಲಿ ಎದುರಾಳಿಗಳು ನಮ್ಮವರ ಮೇಲೆ ಲೋಣಾದ ಮೇಲೆ ಲೋಣಾ ಏರಿಸಿ ಸೋಲಿಸಿದರು. ಬಸ್ಸಿನಲ್ಲಿ ಮರಳುವಾಗ ಅಕ್ಕೋರು ಅವಲಕ್ಕಿ ಬೆಲ್ಲ ಹಂಚಿದರು. ಯಾರೂ ಅಳಲಿಲ್ಲ, ಮುಂದಿನ ವರ್ಷ ಯಾರು ಯಾವ ಮೂಲೆಯಲ್ಲಿ ನಿಲ್ಲಬೇಕೆಂಬ ಚರ್ಚೆಯಲ್ಲಿ ಹೊನ್ನಾವರದ ಕಡೆಯ ಬಸ್ಸಿನ ಪ್ರಯಾಣಿಕರೂ ಸೇರಿಕೊಂಡರು.

ಸೋಲುಗೆಲುವಿಗಿಂತ ದೊಡ್ಡದಾದದ್ದು ಆ ಬಳಿಕ ನಡೆಯಿತು. ತಂಡದ ಎಡ ಮೂಲೆಯ ಹುಡುಗಿಯನ್ನು ಹತ್ತನೆಯ ತರಗತಿಗೆ ಕಳಿಸುವುದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಯಿತು. ತಂದೆ ದೋಣಿಗೆ ಹೋಗುವವನು, ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಆ ದಿನಗಳಲ್ಲಿ ಹುಡುಗಿಯೊಬ್ಬಳು ಶಾಲೆ ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಗೆರೆ ಬೀಳುತ್ತಿತ್ತು, ಅಷ್ಟೇ. ಈ ಸಲ ಹಾಗಾಗಲಿಲ್ಲ. ಉಳಿದ ಎಂಟು ಹುಡುಗಿಯರೂ ಒಂದು ಭಾನುವಾರ ಅವಳ ಮನೆಯ ಜಗಲಿಯಲ್ಲಿ ಹೋಗಿ ಕುಳಿತರು. ಅವಳಿಲ್ಲದಿದ್ದರೆ ಎಡ ಮೂಲೆಯಲ್ಲಿ ಹಿಡಿಯುವವರಿಲ್ಲ, ತಂಡವೇ ಇಲ್ಲ, ಮಾಸ್ತರರು ಹೆಸರು ಕಳಿಸಿಯಾಗಿದೆ ಎಂದು ಹೇಳಿದರು. ಹೆಸರು ಕಳಿಸಿರಲಿಲ್ಲ, ಅದು ಅವರೇ ಸೇರಿಸಿದ ಮಾತು. ಎರಡು ಮೂರು ಭಾನುವಾರ ಇದು ನಡೆದ ಮೇಲೆ ತಂದೆ, "ಇದೊಂದು ವರ್ಷ ಹೋಗಿ ಬರಲಿ" ಎಂದ. ಆ ಒಂದು ವರ್ಷದಲ್ಲಿ ಅವಳು ಎಸ್.ಎಸ್.ಎಲ್.ಸಿ. ಪಾಸಾದಳು, ಮುಂದೆ ಅಂಗನವಾಡಿ ಕಾರ್ಯಕರ್ತೆಯಾದಳು, ಅವಳ ಇಬ್ಬರು ತಂಗಿಯರು ಅವಳಿಗಿಂತ ಹೆಚ್ಚು ಓದಿದರು. ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬಳೂ ಒಂಟಿ ಹೆಸರು. ತಂಡದ ಪಟ್ಟಿಯಲ್ಲಿ ಒಂದು ಹೆಸರು ಹೋದರೆ ಉಳಿದವರಿಗೂ ನಷ್ಟ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತೋರಿಸಿದವರು ಆ ಎಂಟು ಮಂದಿ.

ಮುಂದಿನ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾಯಿತು, ಮಹಿಳೆಯರಿಗೆ ಆ ಅವಕಾಶ 2010ರ ಗುವಾಂಗ್‌ಝೌ ಕೂಟದಲ್ಲಿ ಬಂದಿತು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಮಮತಾ ಪೂಜಾರಿ ನಮ್ಮ ಕರಾವಳಿಯ ಕಾರ್ಕಳ ತಾಲೂಕಿನವರು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಶಾಲೆಯಿಂದ ಅಷ್ಟು ದೂರ ಹೋಗಬಹುದೆಂಬುದಕ್ಕೆ ಈಗ ಸಾಕ್ಷಿ ಹುಡುಕಬೇಕಾಗಿಲ್ಲ.

ಆದರೆ ಹೊಸ ತೊಡಕೊಂದು ಬಂದಿದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಂದಿನಿಂದ ಮಕ್ಕಳು ದೂರದರ್ಶನದಲ್ಲಿ ಕಾಣುವುದು ಮ್ಯಾಟಿನ ಮೇಲಿನ, ಬೂಟು ತೊಟ್ಟ ಕಬಡ್ಡಿ. ಮಣ್ಣಿನಲ್ಲಿ ಕಾಲು ಜಾರುತ್ತದೆ, ಮ್ಯಾಟು ಕಾಲನ್ನು ಹಿಡಿಯುತ್ತದೆ. ಎರಡರಲ್ಲಿ ದಾಳಿಯ ವೇಗವೂ ತಿರುಗುವ ರೀತಿಯೂ ಬೇರೆ. ಮಣ್ಣಿನಲ್ಲಿ ಬರಿಗಾಲಿನಲ್ಲಿ ಕಲಿತ ಮಗು ಮೇಲಿನ ಹಂತಕ್ಕೆ ಹೋದಾಗ ಮೊದಲ ಬಾರಿಗೆ ಮ್ಯಾಟನ್ನು ಕಾಣುತ್ತದೆ. ಮಹಿಳೆಯರ ಅಂಕಣವೆಂದರೂ 12 ಮೀಟರು ಉದ್ದ, 8 ಮೀಟರು ಅಗಲ. ಅಷ್ಟು ಮ್ಯಾಟು ಕೊಳ್ಳುವ ಶಕ್ತಿ ಎಷ್ಟು ಹಳ್ಳಿಯ ಶಾಲೆಗಳಿಗಿದೆ? ತಾಲೂಕಿಗೊಂದಾದರೂ ಇಟ್ಟು ಶಾಲೆಗಳು ಸರದಿಯಂತೆ ಬಳಸುವಂತೆ ಮಾಡಬಹುದೆಂದು ನನ್ನ ಅಭಿಪ್ರಾಯ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದಾಗ ಗೋಡೆ ಗಡಿಯಾರ, ಕಪಾಟು ಎನ್ನುವ ಬದಲು ಇದನ್ನು ಯೋಚಿಸಬಹುದು.

ಮಳೆಯ ಪ್ರಶ್ನೆಗೆ ಮಾತ್ರ ಇಷ್ಟು ವರ್ಷಗಳಲ್ಲಿ ಯಾರೂ ಪರಿಹಾರ ಕಂಡಿಲ್ಲ. ವಲಯ, ತಾಲೂಕು ಪಂದ್ಯಗಳು ಬರುವುದು ಆಗಸ್ಟ್, ಸೆಪ್ಟೆಂಬರದಲ್ಲಿ. ಆಗ ಧಾರವಾಡದ ಕಡೆ ಮೈದಾನ ಒಣಗಿರುತ್ತದೆ, ನಮ್ಮಲ್ಲಿ ಅಂಕಣದ ಮೇಲೆ ನೀರು ನಿಂತಿರುತ್ತದೆ. ಏಪ್ರಿಲಿನಲ್ಲಿ ಜರಡಿ ಹಿಡಿದು ಹಾಕಿದ ಮಣ್ಣು ಜುಲೈಯಲ್ಲಿ ಗುಡ್ಡದ ಕೆಳಗಿನ ಗದ್ದೆಗೆ ಇಳಿದಿರುತ್ತದೆ. ಅಡಕೆಯ ಹಾಳೆಯನ್ನೂ ತೆಂಗಿನ ಮಡಲನ್ನೂ ಹೊದಿಸಿ ಮಣ್ಣು ಉಳಿಸಿಕೊಂಡ ಶಾಲೆಗಳಿವೆ. ಉಳಿದವರು ಜಗಲಿಯಲ್ಲೇ ಸರಪಳಿ ಕಟ್ಟಿ, ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡುತ್ತಾರೆ. ಮಳೆ ಹೊಳವಾದ ಸಂಜೆ ಬಂದರೆ ಸಮುದ್ರದಂಡೆಯ ಒದ್ದೆ ಮರಳಿಗೆ ಓಡುತ್ತಾರೆ.